ವಾಲ್ವ್‌ಗೊಂದು ನ್ಯಾಯ, ಡೀಸೆಲ್‌ಗೊಂದು ನ್ಯಾಯ?

ಪ್ರಶ್ನೆ:
ಅಮೆರಿಕದ ಅಣುಸ್ಥಾವರಗಳಲ್ಲಿ ತುರ್ತು ಡೀಸೆಲ್ ಜನರೇಟರನ್ನು 31 ದಿನಕ್ಕೊಮ್ಮೆ ಓಡಿಸಿ ನೋಡುತ್ತಾರೆ. ಅದಕ್ಕೂ ಮುನ್ನ ಎಂಜಿನ್‌ನೊಳಗೆ ಎಣ್ಣೆ ಹಾಯಿಸುವುದನ್ನು ಎನ್‌ಆರ್‌ಸಿ (ಅಲ್ಲಿನ ಅಣುಶಕ್ತಿ ನಿಯಂತ್ರಣ ಆಯೋಗ) ಒಪ್ಪುತ್ತದೆ. ಆದರೆ ಪರೀಕ್ಷೆಗೆ ಮುಂಚೆ ವಾಲ್ವನ್ನು ಒಮ್ಮೆ ತೆರೆದು ಮುಚ್ಚಿದರೆ ಇನ್‌ಸ್ಪೆಕ್ಟರ್ ತಕರಾರು ತೆಗೆಯುತ್ತಾರೆ. ಯಾಕೀ ಭೇದ?

ಉತ್ತರ 1:
ತಿಂಗಳುಗಟ್ಟಲೆ ನಿಂತ ವಾಲ್ವಿನ ಸ್ಟೆಮ್ (ಅದನ್ನು ತೆರೆದು ಮುಚ್ಚುವ ದಂಡ) ಬಿಗಿಯಾಗಿರಬಹುದು. ಒಮ್ಮೆ ಆಡಿಸಿದರೆ ಸಡಿಲ. ಆಮೇಲೆ ವಾಲ್ವ್ ತೆರೆಯಲು ಅಥವಾ ಮುಚ್ಚಲು ಹಿಡಿದ ಸಮಯ ಅಳೆದರೆ ಅದು ಅಪಘಾತದ ಹೊತ್ತಿನದ್ದಲ್ಲ, ಸುಮ್ಮನೆ ಕಾಗದಕ್ಕೆ. ಡೀಸೆಲ್ ಕಥೆ ಬೇರೆ: ತಣ್ಣಗಿನ ಎಂಜಿನನ್ನು ಏಕಾಏಕಿ ಪೂರ್ಣ ವೇಗಕ್ಕೆ ಎಳೆದರೆ ಬೇರಿಂಗ್ ಸವೆಯುತ್ತದೆ. ಇಂಥ ಸ್ಟಾರ್ಟ್ ಕಡಿಮೆ ಮಾಡಿ ಎಂದು 1984ರಲ್ಲಿ ಎನ್‌ಆರ್‌ಸಿಯೇ ಹೇಳಿತು. ಸಾಮಾನ್ಯವಾಗಿ 184 ದಿನಕ್ಕೊಮ್ಮೆ ಮಾತ್ರ 10 ಸೆಕೆಂಡಿನೊಳಗೆ ವೋಲ್ಟೇಜ್, ಫ್ರೀಕ್ವೆನ್ಸಿ ಬರಲೇಬೇಕು. ಮಾಸಿಕ ಓಟದಲ್ಲೂ 90–100% ಲೋಡ್‌ನಲ್ಲಿ 60 ನಿಮಿಷ ಕಡ್ಡಾಯ. ಲೋಡ್ ಇಲ್ಲದೆ ಓಡಿಸಿದರೆ ಎಕ್ಸಾಸ್ಟ್‌ನಲ್ಲಿ ಅರೆಬೆಂದ ಇಂಧನ ಕಟ್ಟಿಕೊಳ್ಳುತ್ತದೆ.

ಉತ್ತರ 2:
ಡೀಸೆಲ್ ಪರೀಕ್ಷೆಗೆ ಮುನ್ನ ಸಿಲಿಂಡರ್ ಕಾಕ್ (ಸಿಲಿಂಡರಿನ ಪುಟ್ಟ ನಲ್ಲಿ) ತೆರೆದು ಗಾಳಿಯಿಂದ ಎಂಜಿನ್ ಹೊರಳಿಸುವುದಕ್ಕೂ ಅಡ್ಡಿಯಿಲ್ಲ. ಒಳಗೆ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗೀತು. ಆದರೆ ನೀರು ಬಂದರೆ ಒರೆಸಿ ಸುಮ್ಮನಾಗಬೇಡಿ. ದಾಖಲಿಸಿ, ಮೂಲ ಹುಡುಕಿ.

ಉತ್ತರ 3:
ಒಂದು ತಿಂಗಳ ಪಾಸ್‌ನಿಂದ ಹೆಚ್ಚೇನೂ ತಿಳಿಯದು. 0.975 ವಿಶ್ವಾಸಾರ್ಹತೆಯ (ಸಾವಿರಕ್ಕೆ 975 ಸಲ ಸರಿಯಾಗಿ ಓಡುವ) ಗುರಿಯಿದ್ದರೆ 20 ಪ್ರಯತ್ನಗಳಲ್ಲಿ 3, 50ರಲ್ಲಿ 4, 100ರಲ್ಲಿ 5 ವೈಫಲ್ಯ ಎಚ್ಚರಿಕೆಯ ಗೆರೆಗಳು. ಕೂಲಿಂಗ್ ದೋಷಗಳು ಹೊರಬೀಳುವುದು 24 ಗಂಟೆಯ ಓಟದಲ್ಲೇ. ಅದರಲ್ಲಿ 2 ಗಂಟೆ 105–110% ಲೋಡ್. ಆದರೂ ಯಂತ್ರವೊಂದನ್ನೇ ನೋಡಿದರೆ ಸಾಲದು: 1993ರಲ್ಲಿ ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ ಬೆಂಕಿಗೆ ಕೇಬಲ್‌ಗಳು ಸುಟ್ಟು ತುರ್ತು ವಿದ್ಯುತ್ತೂ ಕೈಕೊಟ್ಟಿತ್ತು.