ಟರ್ಕಿಯಿಂದ ಬಲ್ಗೇರಿಯಾಕ್ಕೆ: ಹೊರದೇಶದ ನಂಬರಿನ ಗಾಡಿಗೆ ಏನೇನು ಬೇಕು?

ಪ್ರಶ್ನೆ
ಯೂರೋಪಿಯನ್ ಒಕ್ಕೂಟದ ಹೊರಗೆ ನೋಂದಣಿಯಾದ, ಬಲಗಡೆ ಸ್ಟೀರಿಂಗ್ ಇರುವ ಡೀಸೆಲ್ ಗಾಡಿ. ಟರ್ಕಿ-ಬಲ್ಗೇರಿಯಾ ನಡುವಿನ ಕಪಿಕುಲೆ ಗಡಿಯಿಂದ ಒಳಹೊಕ್ಕು ಐದು ತಿಂಗಳು ಸುತ್ತುವ ಯೋಚನೆ. ಕಾರ್ನೆ (ಸುಂಕ ಕಟ್ಟದೆ ಗಾಡಿಯನ್ನು ತಾತ್ಕಾಲಿಕವಾಗಿ ಒಯ್ಯಲು ತೋರಿಸುವ ಕಸ್ಟಮ್ಸ್ ಪತ್ರ) ಬೇಕಾ? ಇನ್ಶೂರೆನ್ಸ್ ಹೇಗೆ? ಛಾವಣಿ ಮೇಲೆ 20 ಲೀಟರಿನ ಎರಡು ಡೀಸೆಲ್ ಕ್ಯಾನ್ ಇವೆ, ತೊಂದರೆ ಆಗುತ್ತಾ?

ಉತ್ತರ 1
ಒಕ್ಕೂಟದೊಳಗೆ ಕಾರ್ನೆ ಬೇಡ. ಅಲ್ಲಿನ ನಿವಾಸಿಯಲ್ಲದವರು ಸ್ವಂತ ಓಡಾಟಕ್ಕೆ ತಂದ ಗಾಡಿಗೆ ಸುಂಕವಿಲ್ಲದೆ 6 ತಿಂಗಳ ತಾತ್ಕಾಲಿಕ ಪ್ರವೇಶ ಸಿಗುತ್ತದೆ. ಗಡಿ ದಾಟಿದ್ದೇ ಕಸ್ಟಮ್ಸ್‌ಗೆ ಮಾಡಿದ ಘೋಷಣೆ, ಸಾಮಾನ್ಯವಾಗಿ ಯಾವ ಚೀಟಿಯನ್ನೂ ಕೊಡುವುದಿಲ್ಲ. ಪೇಚಾಟ ಶುರುವಾಗುವುದೇ ಅಲ್ಲಿಂದ. ನಾಲ್ಕು ತಿಂಗಳಾದ ಮೇಲೆ ಇನ್ಯಾವುದೋ ದೇಶದಲ್ಲಿ ಕಸ್ಟಮ್ಸ್‌ನವರು ತಡೆದು ‘ಗಾಡಿ ಯಾವಾಗ ಬಂತು?’ ಎಂದರೆ ತೋರಿಸಲು ಏನಾದರೂ ಇರಬೇಕಲ್ಲ. 2025ರ ಅಕ್ಟೋಬರ್‌ನಿಂದ ಪಾಸ್‌ಪೋರ್ಟ್ ಮುದ್ರೆಯ ಜಾಗಕ್ಕೆ ಡಿಜಿಟಲ್ ದಾಖಲೆ ಬರುತ್ತಿದೆ, ಅದೂ ನಿಮ್ಮದೇ ಹೊರತು ಗಾಡಿಯದಲ್ಲ. ಹಾಗಾಗಿ ಮೌಖಿಕ ಘೋಷಣೆಗೆ ಪೂರಕವಾದ, ಒಕ್ಕೂಟದ ಕಸ್ಟಮ್ಸ್ ನಿಯಮದ ಅನುಬಂಧ 71-01ರ ನಮೂನೆಯನ್ನು ಗಡಿಯಲ್ಲೇ ಕೇಳಿ, ಮುದ್ರೆ ಹಾಕಿಸಿಕೊಳ್ಳಿ. ಸಿಗದಿದ್ದರೆ ಬಲ್ಗೇರಿಯಾದ ವಿನ್ಯೆಟ್ (ರಸ್ತೆ ಶುಲ್ಕ) ರಸೀದಿ, ಮೊದಲ ಬಂಕಿನ ಬಿಲ್ ಜೋಪಾನ ಮಾಡಿ.

ನೀವು ಒಕ್ಕೂಟದಲ್ಲಿ ಇಲ್ಲದಾಗ ಅಲ್ಲಿನ ನಿವಾಸಿಯ ಕೈಗೆ ಕೀ ಕೊಡಬೇಡಿ. ಷರತ್ತು ಮುರಿದರೆ ಕಾರಿಗೆ 10% ಸುಂಕ, ಅದರ ಮೇಲೆ ಆ ದೇಶದ ವ್ಯಾಟ್.

ಡೀಸೆಲ್: ಕಂಪನಿ ಕೂರಿಸಿದ ಟ್ಯಾಂಕಿನಲ್ಲಿ ಇರುವಷ್ಟು, ಕ್ಯಾನಿನಲ್ಲಿ 10 ಲೀಟರ್ ಮಾತ್ರ ಸುಂಕಮುಕ್ತ. ಎರಡೂ ಕ್ಯಾನನ್ನು ಗಡಿಗೆ ಮೊದಲೇ ಟ್ಯಾಂಕಿಗೆ ಸುರಿದುಬಿಡಿ.

ಉತ್ತರ 2
ಗಾಡಿಗೆ 6 ತಿಂಗಳು ಸಿಕ್ಕರೂ ನಿಮಗೆ ಷೆಂಗೆನ್‌ನಲ್ಲಿ (ಒಂದೇ ವೀಸಾ ನಡೆಯುವ ಯೂರೋಪಿನ ದೇಶಗಳ ಗುಂಪು) ಸಿಗುವುದು 180 ದಿನಗಳಲ್ಲಿ 90 ದಿನ. 2025ರ ಜನವರಿ 1ರಿಂದ ಬಲ್ಗೇರಿಯಾ, ರೊಮೇನಿಯಾ ಎರಡೂ ಪೂರ್ತಿ ಷೆಂಗೆನ್, ಅಲ್ಲಿ ದಿನ ಕಳೆಯಿರಿ ಎನ್ನುವ ಹಳೆಯ ಸಲಹೆ ಈಗ ನಡೆಯದು. ನಡುವಿನ ಎರಡು ತಿಂಗಳನ್ನು ಷೆಂಗೆನ್ ಹೊರಗಿನ ಸರ್ಬಿಯಾ, ಬೋಸ್ನಿಯಾ, ಅಲ್ಬೇನಿಯಾಕ್ಕೆ ಇಟ್ಟುಕೊಳ್ಳಿ. ವೀಸಾ ಮಲ್ಟಿಪಲ್ ಎಂಟ್ರಿಯದೇ ಆಗಿರಬೇಕು.

ಗ್ರೀನ್ ಕಾರ್ಡ್ (ಹೊರದೇಶಗಳಲ್ಲೂ ನಡೆಯುವ ಗಾಡಿ ಇನ್ಶೂರೆನ್ಸ್ ಪತ್ರ) ಇಲ್ಲದಿದ್ದರೆ ಗಡಿಯಲ್ಲಿ ಸಿಗುವ ಇನ್ಶೂರೆನ್ಸ್ ಮಾಡಿಸಿ. ಅದು ಥರ್ಡ್ ಪಾರ್ಟಿಗೆ ಮಾತ್ರ, ನಿಮ್ಮ ಗಾಡಿಯ ಡ್ಯಾಮೇಜಿಗೆ ಅಲ್ಲ. ಹಣ ಕೊಡುವ ಮೊದಲು ಪಾಲಿಸಿಯ ದೇಶಗಳ ಪಟ್ಟಿ ಓದಿ, ಚಾಸಿ ನಂಬರನ್ನು ಒಂದೊಂದೇ ಅಕ್ಷರ ಹಿಡಿದು ತಾಳೆ ನೋಡಿ.

ಉತ್ತರ 3
ಹೆಡ್‌ಲೈಟ್ ವಿಷಯ ಯಾರೂ ಎತ್ತಲಿಲ್ಲ. ಎಡಬದಿ ಸಂಚಾರದ ಗಾಡಿಯಲ್ಲಿ ರಸ್ತೆಯಂಚು ಕಾಣಲೆಂದು ಡಿಪ್ ಬೆಳಕು ಎಡಕ್ಕೆ ಮೇಲೇರುತ್ತದೆ. ಬಲಬದಿಯಲ್ಲಿ ಓಡಿಸುವ ಆ ದೇಶಗಳಲ್ಲಿ ಅದೇ ಏರು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಕತ್ತಲಾದ ಮೇಲೆ ಗೋಡೆಯಿಂದ ಐದು ಮೀಟರ್ ದೂರ ನಿಲ್ಲಿಸಿ ಡಿಪ್ ಹಾಕಿದರೆ ಎಡಕ್ಕೆ ಏರುವ ಗೆರೆ ಎದ್ದು ಕಾಣುತ್ತದೆ. ಒಂದೊಂದೇ ದೀಪ ಮುಚ್ಚಿ, ಗಾಜಿನ ಮೇಲೆ ಕಪ್ಪು ಟೇಪಿನ ತುಂಡು ಸರಿಸುತ್ತಾ ಹೋಗಿ, ಆ ಏರು ಮಾಯವಾದ ಕಡೆ ಅಂಟಿಸಿ. ಎಲ್‌ಇಡಿ, ಪ್ರೊಜೆಕ್ಟರ್ ದೀಪವಾದರೆ ಟೇಪ್ ಹಚ್ಚುವ ಮೊದಲು ಮ್ಯಾನ್ಯುಯಲ್ ನೋಡಿ, ಕೆಲವದರಲ್ಲಿ ಬದಿ ಬದಲಿಸುವ ಸೆಟ್ಟಿಂಗೇ ಇರುತ್ತದೆ.

ಹಿಂಬದಿಗೆ ದೇಶದ ಸಂಕೇತಾಕ್ಷರದ ಬಿಳಿ ಅಂಡಾಕಾರದ ಸ್ಟಿಕ್ಕರ್ ಇರಲಿ. ಜರ್ಮನಿಯ ಪರಿಸರ ವಲಯಗಳಿಗೆ (ಹೆಚ್ಚು ಹೊಗೆ ಉಗುಳುವ ಗಾಡಿಗೆ ಪ್ರವೇಶವಿಲ್ಲದ ನಗರ ಭಾಗಗಳಿಗೆ) ಹಸಿರು ಸ್ಟಿಕ್ಕರ್ ಬೇರೆ ಬೇಕು, ಹೊರದೇಶದ ನಂಬರಿಗೂ ಅದೇ ನಿಯಮ, ಇಲ್ಲದಿದ್ದರೆ ದಂಡ 100 ಯೂರೋ. ಹಳೆಯ ಡೀಸೆಲ್ ಗಾಡಿಗೆ ಅದು ಸಿಗದೆಯೂ ಹೋಗಬಹುದು. ಆಗ ಊರ ಹೊರಗೇ ನಿಲ್ಲಿಸಿ ರೈಲು ಹಿಡಿಯಿರಿ.