‘ಪುಟ್ ಅಪ್ ವಿತ್’ ಎಂದರೆ ಜೊತೆಯಲ್ಲಿ ವಾಸವೇ?

ನಿವೃತ್ತ ಗುಮಾಸ್ತ, ತೀರ್ಥಹಳ್ಳಿ:
ನಾನು 31 ವರ್ಷ ಕಡತ ‘ಪುಟಪ್’ ಮಾಡಿದವನು. ಕಚೇರಿಯಲ್ಲಿ ಅದರರ್ಥ ಸಾಹೇಬರ ಮುಂದೆ ಮಂಡಿಸುವುದು. ವರ್ಗವಾಗಿ ಬಂದ ಅಧಿಕಾರಿಗಳೆಲ್ಲ ಮೊದಲ ದಿನ ‘ವೇರ್ ಆರ್ ಯು ಪುಟ್ ಅಪ್?’, ಅಂದರೆ ಮನೆ ಎಲ್ಲಿ, ಎನ್ನುವರು, ‘ಕುರುವಳ್ಳಿ, ಸರ್’ ಎನ್ನುವೆ. ಮೂರನೆಯ ಅರ್ಥವೊಂದು ಇರಬಹುದೆಂದು ತೋಚಿರಲೇ ಇಲ್ಲ.

ಮ್ಯಾಂಚೆಸ್ಟರಿನಲ್ಲಿ ಓದುತ್ತಿರುವ ಮಗ ಕಳೆದ ತಿಂಗಳು ಬರೆದ: ‘ಐ ಆಮ್ ಪುಟ್ಟಿಂಗ್ ಅಪ್ ವಿತ್ ಟೂ ರೂಮ್‌ಮೇಟ್ಸ್.’ ಇಬ್ಬರ ಜೊತೆ ಬಿಡಾರ ಹೂಡಿದ್ದಾನೆ ಎಂದುಕೊಂಡೆ. ‘ಬಹಳ ಸಂತೋಷ, ಅವರಿಗೂ ನನ್ನ ಆಶೀರ್ವಾದ’ ಎಂದು ಉತ್ತರಿಸಿದೆ. ಸಾಲದ್ದಕ್ಕೆ, ಅಲ್ಲಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಕಳುಹಿಸಿ, ಮೂವರೂ ಹಂಚಿಕೊಳ್ಳಿ ಎಂದೆ. ಅಂದಿನಿಂದ ಮಗನಿಗೆ ಮುನಿಸು. ನಾನು ಎಡವಿದ್ದು ಎಲ್ಲಿ?

ಇಂಗ್ಲಿಷ್ ಮೇಷ್ಟ್ರು, ಸಾಗರ:
ರಾಯರೇ, ಅವನು ದೂರು ಹೇಳಿಕೊಂಡಿದ್ದಾನೆ, ನೀವು ಹರಸಿದ್ದೀರಿ! ‘ಪುಟ್ ಅಪ್’ ಮುಂದೆ ‘ವಿತ್’ ಬಂದು ಕೂತಿತೆಂದರೆ ಹೆಚ್ಚಾಗಿ ಅದು ಸಹಿಸಿಕೊಳ್ಳುವ ಮಾತು, ಅದೂ ಗೊಣಗುತ್ತ. ‘ಸಹಿಸು’ ಎಂದರೆ ತೀರ ಸಾತ್ವಿಕವಾಯಿತು. ನಮ್ಮ ‘ಏಗು’ ಸರಿಯಾದ ಜೋಡಿ. ‘ಇವರ ಜೊತೆ ಏಗುತ್ತಿದ್ದೇನೆ’ ಎನ್ನುತ್ತೇವಲ್ಲ, ಆ ‘ಜೊತೆ’ಯೇ ಅಲ್ಲಿನ ‘ವಿತ್’. ಮೂರೂ ಪದ ಅಂಟಿಕೊಂಡೇ ಇರಬೇಕು. ಭಿತ್ತಿಪತ್ರ ಅಂಟಿಸುವಾಗ ‘ಪುಟ್ ಇಟ್ ಅಪ್’ ಎಂದು ನಡುವೆ ‘ಇಟ್’ ತೂರಿಸಬಹುದು. ಇಲ್ಲಿ ಅದು ಕೊನೆಗೇ ಹೋಗಬೇಕು: ‘ಪುಟ್ ಅಪ್ ವಿತ್ ಇಟ್.’

ಅಂದ ಹಾಗೆ, ನಿಮ್ಮ ಸಾಹೇಬರ ಪ್ರಶ್ನೆ ನಮ್ಮ ದೇಶದ ರೂಢಿ. ಇಂಗ್ಲೆಂಡಿನವರಿಗೆ ಅದು ಹೋಟೆಲಿನಲ್ಲೋ ನೆಂಟರ ಮನೆಯಲ್ಲೋ ನಾಲ್ಕು ದಿನ ತಂಗುವ ಮಾತು. ಹುಟ್ಟಿದ ಮನೆಯಲ್ಲೇ ಇರುವವರು ಹಾಗೆಂದರೆ, ಊರಿಗೆ ಯಾವಾಗ ಹಿಂತಿರುಗುತ್ತೀರಿ ಎಂದು ಕೇಳಿಯಾರು.

ಅಡಿಕೆ ತೋಟದವರು, ಹೊಸನಗರ:
ಮೇಷ್ಟ್ರೇ, ‘ಏಗು’ ಒಪ್ಪಿದೆ. ಜೂನ್‌ನಿಂದ ನಾವು ಇಂಬಳದ (ಜಿಗಣೆಯ) ಜೊತೆ ಮಾಡುವುದು ಅದನ್ನೇ. ಸುಣ್ಣ, ಹೊಗೆಸೊಪ್ಪು ಏನು ಹಚ್ಚಿದರೂ ಒಂದೆರಡು ಕಾಲಿಗೆ ಹತ್ತಿಯೇ ಹತ್ತುತ್ತವೆ. ಆದರೆ ಇಂಗ್ಲಿಷನ್ನೊಂದೇ ಬೈಯಬೇಡಿ. ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಲು ಬರುತ್ತೇನೆಂದಿದ್ದ, ಮರ ಹತ್ತುವ ಕೊನೆಗಾರ ಈ ಸಲ ಕೈಕೊಟ್ಟ. ತಲಾ ಒಂದು ಕಿಲೋ ಮೈಲುತುತ್ತ, ಸುಣ್ಣ, ನೂರು ಲೀಟರ್ ನೀರು, ಎಲ್ಲ ಸಿದ್ಧವಿತ್ತು. ‘ಕೈಕೊಟ್ಟ’ ಎಂಬುದನ್ನು ಆ ಮ್ಯಾಂಚೆಸ್ಟರಿನವರಿಗೆ ಪದಕ್ಕೆ ಪದ ಇಟ್ಟು ಹೇಳಿದರೆ, ಎಷ್ಟು ಒಳ್ಳೆಯವನು, ಸಹಾಯಕ್ಕೆ ಬಂದ ಎಂದುಕೊಳ್ಳುತ್ತಾರೆ. ನನ್ನ ಅರ್ಧ ಫಸಲು ಕೊಳೆಗೆ ಹೋಯಿತು.

ನಿವೃತ್ತ ಗುಮಾಸ್ತ, ತೀರ್ಥಹಳ್ಳಿ:
ಇಬ್ಬರಿಗೂ ವಂದನೆ. ನಿನ್ನೆ ಮಗನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಆ ಹುಡುಗರು ತಿಂದ ತಟ್ಟೆ ತೊಳೆಯುವುದಿಲ್ಲವಂತೆ, ರಾತ್ರಿ ಎರಡರವರೆಗೆ ಹರಟೆಯಂತೆ. ಉಪ್ಪಿನಕಾಯಿ ಏನಾಯಿತು ಎಂದು ಕೇಳಿದೆ. ಅವರಿಬ್ಬರೇ ನಾಲ್ಕು ದಿನದಲ್ಲಿ ಮುಗಿಸಿದ್ದಾರೆ. ಬಾಟಲಿಯೂ ಒಳಗಿನ ಚಮಚವೂ ಇನ್ನೂ ಸಿಂಕಿನಲ್ಲೇ ಇವೆಯಂತೆ. ಇನ್ನೊಂದು ಬಾಟಲಿ ಕಳುಹಿಸಲು ಅಂಕಲ್‌ಗೆ ಹೇಳು ಎಂದಿದ್ದಾರಂತೆ.