ಆರು ಸೆಷನ್ ಆದರೂ ಆತಂಕ ಹಾಗೇ ಇದೆ, ಕೌನ್ಸೆಲರ್ ಬದಲಿಸಬೇಕಾ?

ಹೊಳೆದಂಡೆ:
ಅಕ್ಕನಿಗೆ ನಾಲ್ಕು ವರ್ಷದಿಂದ ಆತಂಕ. ಭಾವ ಕೆಲಸದಿಂದ ಬರೋದು ಹತ್ತು ನಿಮಿಷ ತಡವಾದರೆ ಫೋನ್ ಮೇಲೆ ಫೋನ್. ಮಗುವಿನ ಮೈ ಸ್ವಲ್ಪ ಬಿಸಿಯಾದರೆ ರಾತ್ರಿಯಿಡೀ ನಿದ್ದೆ ಇಲ್ಲ. ಎದೆ ಡವಡವ, ಕುತ್ತಿಗೆ ಬಿಗಿತ. ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲ ಸರಿ ಇದೆ. ಕೌನ್ಸೆಲಿಂಗ್ ಆರು ಸೆಷನ್ ಮುಗಿದಿದೆ. ಮಾತಾಡಿ ಬಂದ ದಿನ ಹಗುರ ಅಂತಾಳೆ, ಮೂರನೇ ದಿನಕ್ಕೆ ಮತ್ತೆ ಅದೇ. ಇನ್ನೂ ಎಷ್ಟು ಸೆಷನ್ ಬೇಕು? ಕೌನ್ಸೆಲರ್ ಬದಲಿಸಬೇಕಾ?

ಸಂಪಿಗೆಮರ:
ಬದಲಿಸುವ ಮೊದಲು ಒಂದು ಕೇಳಿ ತಿಳ್ಕೊಳ್ಳಿ: ಮನೆಗೆ ಏನು ಅಭ್ಯಾಸ ಕೊಟ್ಟಿದ್ದಾರೆ? ಬರೀ ಕೇಳಿಸಿಕೊಂಡು ಧೈರ್ಯ ಹೇಳಿ ಕಳಿಸ್ತಿದ್ದರೆ ಮೂರನೇ ದಿನಕ್ಕೆ ವಾಪಸ್ ಬರೋದರಲ್ಲಿ ಆಶ್ಚರ್ಯವೇನಿಲ್ಲ. ಭಾವನವರ "ಬರ್ತಾ ಇದ್ದೀನಿ" ಅನ್ನೋ ಮಾತಿನ ಹಾಗೇ ಆ ಧೈರ್ಯವೂ ಸ್ವಲ್ಪ ಹೊತ್ತಿನದು. ಫೋನ್ ಮಾಡಿದ ತಕ್ಷಣ ಆತಂಕ ಇಳಿಯುತ್ತಲ್ಲ, ಅಲ್ಲೇ ಇರೋದು ಸಿಕ್ಕು. ಮನಸ್ಸು ಕಲಿಯೋದು "ಅಪಾಯವೇ ಇರಲಿಲ್ಲ" ಅಂತಲ್ಲ, "ಫೋನ್ ಮಾಡಿದ್ದಕ್ಕೆ ನೆಮ್ಮದಿ ಸಿಕ್ತು" ಅಂತ. ನಾಳೆ ಮತ್ತೆ ಅದೇ ಬೇಕು.

ಈ ಥರದ ಆತಂಕಕ್ಕೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಅನ್ನೋ ಪದ್ಧತಿ ಇದೆ, ಯೋಚನೆ ಮತ್ತು ನಡವಳಿಕೆಯನ್ನು ಅಭ್ಯಾಸದಿಂದ ಬದಲಿಸೋದು. ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 15 ಸೆಷನ್, ಒಂದೊಂದು ಸುಮಾರು ಒಂದು ಗಂಟೆ. ಕೆಲಸದ ಹೆಚ್ಚಿನ ಪಾಲು ನಡೆಯೋದು ಸೆಷನ್‌ಗಳ ಮಧ್ಯದ ಆರು ದಿನಗಳಲ್ಲಿ. ಮಾಡುವ ರೀತಿ ಹೀಗೆ. ಕಷ್ಟದ ಸಂದರ್ಭಗಳನ್ನೆಲ್ಲ ಬರೆದು ಪ್ರತಿಯೊಂದಕ್ಕೂ ಆತಂಕದ ಅಂಕ ಹಾಕಬೇಕು, 0ಯಿಂದ 100. ಹತ್ತು ನಿಮಿಷ ತಡವಾದಾಗ ಫೋನ್ ಮಾಡದೆ ಇರೋದು 40 ಇರಬಹುದು, ಭಾವ ಪರಸ್ಥಳಕ್ಕೆ ಹೋದ ದಿನ ಒಮ್ಮೆಯೂ ಮಾಡದಿರೋದು 90. ಶುರು ಮಾಡೋದು 40ರ ಮೆಟ್ಟಿಲಿಂದ. ಫೋನ್ ಕೈಗೆತ್ತಿಕೊಳ್ಳಬೇಕು ಅನಿಸಿದಾಗ ಚೀಟಿಯಲ್ಲಿ ಬರೀಬೇಕು: "ಅಪಘಾತ ಆಗಿದೆ, ನಂಬಿಕೆ 70". ಆಮೇಲೆ 15 ನಿಮಿಷ ಕಾಯಬೇಕು. ಭಾವ ಬಂದ ಮೇಲೆ ಆಗಿದ್ದೇನು ಅಂತ ಪಕ್ಕದಲ್ಲಿ ಬರೆಯೋದು. ಅದೇ ಮೆಟ್ಟಿಲನ್ನು ನಾಲ್ಕೈದು ದಿನ ಮಾಡಿ, ಸುಲಭವಾದ ಮೇಲೆ ಅರ್ಧ ಗಂಟೆಗೆ ಏರಿಸಿ.

ಹೆಚ್ಚಿನವರು ಎಡವೋದು ಎಲ್ಲಿ ಅಂದ್ರೆ, ಫೋನ್ ಮಾಡಲ್ಲ, ಆದರೆ ವಾಟ್ಸಾಪ್‌ನಲ್ಲಿ ಕೊನೆಗೆ ಯಾವಾಗ ಆನ್‌ಲೈನ್ ಇದ್ದರು ಅಂತ ನೋಡ್ತಾರೆ. ಮುಂಬಾಗಿಲು ಮುಚ್ಚಿ ಹಿತ್ತಲ ಬಾಗಿಲು ತೆರೆದ ಹಾಗೆ. ಭಾವ ತಾವಾಗೇ "ತಲುಪಿದೆ" ಅಂತ ಮೆಸೇಜ್ ಹಾಕೋದೂ ಅದೇ ಲೆಕ್ಕ.

ಗುಣ ಅಳೆಯೋಕೆ "ಹಗುರ" ಅನ್ನೋ ಮಾತು ಸಾಲದು. ಜಿಎಡಿ-7 ಅಂತ ಏಳು ಪ್ರಶ್ನೆಗಳ ಪಟ್ಟಿ ಇದೆ, ಕಳೆದ ಎರಡು ವಾರದ ಬಗ್ಗೆ. ಒಂದೊಂದಕ್ಕೆ 0ಯಿಂದ 3, ಒಟ್ಟು 21. 5 ಮುಟ್ಟಿದರೆ ಸೌಮ್ಯ, 10 ಮುಟ್ಟಿದರೆ ಮಧ್ಯಮ, 15 ಮುಟ್ಟಿದರೆ ತೀವ್ರ. ಎರಡು ವಾರಕ್ಕೊಮ್ಮೆ ತುಂಬಿಸಿ. ಅಭ್ಯಾಸ ಮಾಡಿಯೂ ಎಂಟು ಸೆಷನ್‌ಗೆ ಅಂಕ ಅಲ್ಲಾಡದಿದ್ದರೆ ಕೌನ್ಸೆಲರ್ ಹತ್ತಿರವೇ ಆ ಮಾತು ಎತ್ತಿ. ಒಳ್ಳೆಯವರು ಬೇಸರ ಮಾಡ್ಕೊಳ್ಳಲ್ಲ.

ಕಡ್ಲೆಪುರಿ:
ರಾತ್ರಿಯ ಯೋಚನೆಗೆ ಬೇರೆ ಉಪಾಯ ಬೇಕು. ಸಂಜೆ ಆರಕ್ಕೋ ಆರೂವರೆಗೋ 20 ನಿಮಿಷ "ಚಿಂತೆಯ ಹೊತ್ತು" ಅಂತ ಇಟ್ಕೊಳ್ಳಲಿ. ಹಗಲು ಬಂದ ಚಿಂತೆಯನ್ನು ಎರಡು ಪದದಲ್ಲಿ ಬರೆದಿಟ್ಟು ಆ ಹೊತ್ತಿಗೆ ಮುಂದೂಡೋದು. ಆಗ ಪಟ್ಟಿ ತೆಗೆದು ಎರಡು ಪಾಲು ಮಾಡಬೇಕು: ಇವತ್ತೇ ಏನಾದರೂ ಮಾಡಬಹುದಾದದ್ದು, ಬರೀ "ಹಾಗಾದರೆ?" ಅನ್ನೋದು. ಮೊದಲನೆಯದಕ್ಕೆ ಯಾವಾಗ, ಏನು ಅಂತ ಬರೆದು ಮುಗಿಸಿ. ಎರಡನೆಯದನ್ನು ಉತ್ತರಿಸೋಕೆ ಹೋಗಬಾರದು, ಹಾಗೇ ಬಿಡೋದನ್ನು ಕಲಿಯೋದೇ ಅಭ್ಯಾಸ. ಹಾಸಿಗೆಯಲ್ಲಿ ಕೂತು ಇದನ್ನು ಮಾಡಿದರೆ ಕೆಡುತ್ತೆ.

ಉಸಿರಾಟದ ಅಭ್ಯಾಸ ಹೇಳಿಕೊಟ್ಟಿದ್ದರೆ ಗಮನಿಸಿ, ದೊಡ್ಡ ದೊಡ್ಡ ಉಸಿರು ಎಳೆಯೋದಲ್ಲ. ಹಾಗೆ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತೆ, ಬೆರಳು ಜೋಮು ಹಿಡಿಯುತ್ತೆ, ಹೆದರಿಕೆ ಇನ್ನೂ ಜಾಸ್ತಿ. 4 ಎಣಿಸಿ ಮೆಲ್ಲಗೆ ಒಳಗೆ, 6 ಎಣಿಸಿ ಹೊರಗೆ, ಐದು ನಿಮಿಷ, ದಿನಕ್ಕೆರಡು ಸಲ. ಕಾಫಿ ಎಷ್ಟು ಲೋಟ ಅಂತಲೂ ಕೇಳಿ. ಮೂರು ದಾಟಿದ್ದರೆ ನಿಧಾನಕ್ಕೆ ಇಳಿಸಲಿ, ಒಮ್ಮೆಗೇ ಬಿಟ್ಟರೆ ತಲೆನೋವು.

ಹೊಳೆದಂಡೆ:
ಇಬ್ಬರಿಗೂ ಥ್ಯಾಂಕ್ಸ್. ಮನೆ ಅಭ್ಯಾಸ ಅಂತ ಏನೂ ಕೊಟ್ಟಿಲ್ಲ. ಪರಿಚಯದವರೊಬ್ಬರು ತಮ್ಮ ಆಲ್‌ಪ್ರಾಜೊಲಮ್ (ಆತಂಕ ಇಳಿಸೋ) ಮಾತ್ರೆ ಅರ್ಧ ತಗೋ ಅಂತ ಅಕ್ಕನಿಗೆ ಹೇಳಿದ್ದಾರೆ. ನಮ್ಮದು ತಾಲೂಕು ಊರು, ಸೈಕಿಯಾಟ್ರಿಸ್ಟ್ ಇಲ್ಲ.

ಗಿರಣಿಬೀದಿ:
ಆ ಅರ್ಧ ಮಾತ್ರೆ ದಯವಿಟ್ಟು ಬೇಡ. ಅರ್ಧ ಗಂಟೆಯಲ್ಲಿ ಹಾಯೆನಿಸುತ್ತೆ, ಅದೇ ತೊಂದರೆ. ವಾರಗಟ್ಟಲೆ ತಗೊಂಡರೆ ಅಭ್ಯಾಸವಾಗುತ್ತೆ, ಫಕ್ಕನೆ ಬಿಟ್ಟರೆ ಆತಂಕ ಮೊದಲಿಗಿಂತ ಜೋರಾಗಿ ಬರುತ್ತೆ. ಮೇಲೆ ಹೇಳಿದ ಮೆಟ್ಟಿಲಿನ ಅಭ್ಯಾಸವನ್ನು ಮಾತ್ರೆ ನುಂಗಿ ಮಾಡಿದರೆ ಹೆಸರು ಮಾತ್ರೆಗೇ ಹೋಗುತ್ತೆ. ದೀರ್ಘಕಾಲದ ಆತಂಕಕ್ಕೆ ವೈದ್ಯರು ಸಾಮಾನ್ಯವಾಗಿ ಬರೆಯೋದು ಎಸ್ಸಿಟಾಲೋಪ್ರಾಮ್, ಸರ್ಟ್ರಲೀನ್ ಥರದ್ದು. ಗುಣ ಕಾಣೋಕೆ ಎರಡರಿಂದ ಆರು ವಾರ. ಮೊದಲ ವಾರ ಹೊಟ್ಟೆ ತೊಳಸು, ಚಡಪಡಿಕೆ ಇರಬಹುದು, ಅಲ್ಲೇ ಎಷ್ಟೋ ಜನ ಬಿಟ್ಟುಬಿಡ್ತಾರೆ. ಸರಿ ಹೋದ ಮೇಲೂ ಕೆಲವು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದ ಹಾಗೆ ಇಳಿಸಿಯೇ ನಿಲ್ಲಿಸಬೇಕು.

ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಬಗ್ಗೆ ವಿಚಾರಿಸಿ, ಜಿಲ್ಲೆಯಿಂದ ಮನೋವೈದ್ಯರು ಬರುವ ವ್ಯವಸ್ಥೆ ಅದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡ್ತಾರೆ, 24 ಗಂಟೆಯೂ, ದುಡ್ಡಿಲ್ಲ. ಸಾಯಬೇಕು ಅನ್ನೋ ಮಾತು ಬಂದರೆ ಮಂಗಳವಾರದವರೆಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ. ಹೊಸಬರನ್ನು ಹುಡುಕೋದಾದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳ್ಕೊಳ್ಳೋರ ಹತ್ತಿರ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಕೇಳಿ. ಸಿಬಿಟಿಯನ್ನು ವಿಡಿಯೊ ಕರೆಯಲ್ಲೂ ಮಾಡಿಸಬಹುದು.

ಹೊಳೆದಂಡೆ:
ಭಾವನನ್ನೂ ಒಂದು ಸೆಷನ್‌ಗೆ ಕರ್ಕೊಂಡು ಹೋಗಬಹುದಾ? ಅವಳು ಕೇಳಿದಾಗೆಲ್ಲ ಅವರು ಸಮಾಧಾನ ಹೇಳ್ತಾರೆ.

ಸಂಪಿಗೆಮರ:
ಅಕ್ಕ ಒಪ್ಪಿದರೆ ಖಂಡಿತ. ಆದರೆ ಭಾವ ನಾಳೆಯಿಂದ ಒಮ್ಮೆಗೇ ಫೋನ್ ಎತ್ತೋದು ನಿಲ್ಲಿಸಬಾರದು, ಅದು ಶಿಕ್ಷೆ ಆಗುತ್ತೆ. ಒಂದೇ ಪ್ರಶ್ನೆಗೆ ಒಂದು ಸಲ ಉತ್ತರ. ಎರಡನೇ ಸಲ ಕೇಳಿದರೆ "ಇದು ಆತಂಕದ ಪ್ರಶ್ನೆ ಅಲ್ವಾ, ಚೀಟಿಯಲ್ಲಿ ಬರಿ" ಅಂದರೆ ಸಾಕು. ಆ ಮಾತನ್ನು ಮೂವರೂ ಸೆಷನ್‌ನಲ್ಲೇ ಕೂತು ಒಪ್ಪಿಕೊಂಡಿರಬೇಕು, ಇಲ್ಲದಿದ್ದರೆ ಮನೆಯಲ್ಲಿ ಜಗಳಕ್ಕೆ ದಾರಿ.